ಫರ್ಸಿ ಕಲ್ಲಿನ ಕೆಳಗಿನ ಎಲೆಗಳು

“ಕಲ್ಲು ಒಡಿಯವರ ಮನ್ಯಾಗ ಡಿಗ್ರಿ ಬರಾಂಗಿಲ್ಲ. ಅದರಾಗೂ ಹೆಣ್ಮಕ್ಕಳಿಗಿ? ಅದು ಆಗೂ ಮಾತೇ ಅಲ್ಲ ಬಿಡು” ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ಭಂಕೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಕ್ಕ ಕಸ್ತೂರಿ ಮಾಡಿ ತಂದ ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿಯುತ್ತ, ಅವಳ ಬಗ್ಗೆಯೇ ಆ ಮಾತು ಹೇಳಿದರು. ಅಕ್ಕ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆಗ ನಾನು ಆರನೆಯ ಇಯತ್ತೆಯಲ್ಲಿದ್ದೆ.

ಆ ಕಾಲದಲ್ಲಿ ನಮ್ಮ ಕಡೆ ಮಳೆ ಬಂತೆಂದರೆ ರೈತರು ನಗುತ್ತಿದ್ದರು, ನಾವು ಅಳುತ್ತಿದ್ದೆವು. ಅಪ್ಪ ಕಲ್ಲು ಒಡೆಯುವ ಖಣಿಯಲ್ಲಿ ನೀರು ನಿಲ್ಲುತ್ತಿತ್ತು. ನೀರು ನಿಂತ ಖಣಿಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಎಬ್ಬಿಸಲು ಬರುವುದಿಲ್ಲ. ಅಪ್ಪನ ಸುತ್ತಿಗೆ, ಉಳಿ, ಸಬ್ಬಲು ಎಲ್ಲ ಮೂಲೆ ಸೇರುತ್ತಿದ್ದವು. ಅಪ್ಪ ಹೊಸ್ತಿಲ ಮೇಲೆ ಕೂತು ಬೀಡಿ ಸೇದುತ್ತ ಆಕಾಶ ನೋಡುತ್ತಿದ್ದ. ಅವ್ವ ಊರವರ ತೊಗರಿ ಹೊಲಗಳಿಗೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅವ್ವನ ಕೂಲಿ ಮತ್ತು ಆಯಿಯ ಪಲ್ಲೆಯಿಂದ. ಆಯಿ ಅಂದರೆ ಅಪ್ಪನ ತಾಯಿ. ಅವಳ ಮಗ್ಗುಲಲ್ಲಿ ಹೊಲದ ಬದುವಿಗೆ ಹೋದರೆ ಮಣ್ಣು, ಹಸಿ ಸಗಣಿ, ತುಂಬಿ ಹೂವು ಎಲ್ಲ ಕೂಡಿದ ಒಂದು ವಾಸನೆ ಬರುತ್ತಿತ್ತು. ಅವಳು ಬಗ್ಗಿ ಬಗ್ಗಿ ಕಿತ್ತದ್ದನ್ನು ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು: ಹತ್ತರಕಿ, ಗೋಣಿ, ರಾಜಗಿರಿ, ಎಳೆಯ ತಗಚಿ.

“ಆಯೀ, ಇದು ತಿನ್ನಾದೇನು?”

“ತಿನ್ನಾದು.”

“ಇದು?”

“ಅದು ದನ ತಿನ್ನಾದು.”

“ಮತ್ತ ಇದು?”

“ಅದನ್ನ ತಿಂದ್ರ ನಿನ್ನ ಹೊತ್ಕೊಂಡ ಹೋಗಬೇಕಾಗ್ತದ. ಬಿಡು ಅದನ್ನ.”

ಇಡೀ ಗಿಡಗಳ ಲೋಕವನ್ನು ಆಯಿ ಹೀಗೆ ಹಂಚಿಟ್ಟಿದ್ದಳು. ನಮಗೆ ಅಷ್ಟು ಸಾಕಾಗಿತ್ತು, ಅಕ್ಕ ಪಿಯುಸಿ ಸೈನ್ಸ್ ಸೇರುವವರೆಗೆ.

ಅಕ್ಕ ನನಗಿಂತ ಭಾಳ ದೊಡ್ಡವಳು. ನಾನು ಹುಟ್ಟಿದಾಗ ನನ್ನನ್ನು ಆಡಿಸಲು ಅವಳನ್ನು ಶಾಲೆ ಬಿಡಿಸಿದ್ದರು. ನಾನು ನಡೆಯಲು ಕಲಿತ ಮೇಲೆ ಮತ್ತೆ ಸೇರಿಸಿದರು. ತನಗಿಂತ ಸಣ್ಣವರ ಜೊತೆ ಕೂತು ಓದಿದಳು. ಹತ್ತನೆಯದು ಪಾಸಾದಾಗ ನಮ್ಮ ಓಣಿಯಲ್ಲಿ ಯಾರಿಗೂ ನಂಬಿಕೆಯಾಗಲಿಲ್ಲ. ಶಹಾಬಾದಿನ ಕಾಲೇಜಿಗೆ ಟಂಟಂ ಆಟೋದಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಜೀವಶಾಸ್ತ್ರ ಕಲಿಸುವ ಮೇಡಂ ಸೇಡಂ ಕಡೆಯವರು, ಮನೆಮಾತು ತೆಲುಗು. ಎರಡನೆಯ ವರ್ಷದ ಮೊದಲ ಮಳೆಯಲ್ಲಿ ಅವರು ಹುಡುಗಿಯರನ್ನು ಕಾಲೇಜಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದರಂತೆ. ಅವತ್ತು ಸಂಜೆ ಅಕ್ಕ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಸುನಿ, ಗಿಡಕ್ಕ ಎರಡು ಹೆಸರು ಇರ್ತಾವ ಗೊತ್ತೇನು? ಮೊದಲ್ನೇದು ಮನಿತನದ್ದು, ಎರಡ್ನೇದು ತನ್ನ ಸ್ವಂತದ್ದು.”

“ಮನಿತನ ಮೊದಲ್ಯಾಕ? ನಮ್ದು ಕಡೀಕ ಬರ್ತದಲ್ಲ.”

“ಮೇಡಂ ಅಂದ್ರು, ನಮ್ಮ ತೆಲುಗು ಮಂದ್ಯಾಗ ಮನಿ ಹೆಸರು ಮೊದಲ, ತಮ್ಮ ಹೆಸರು ಆಮ್ಯಾಲ. ಗಿಡಗಳೂ ನಮ್ಮ ಕಡಿಯವೇ ಅಂತ ತಿಳಕೋರಿ ಅಂದ್ರು.”

ಅಂಗಳದಲ್ಲಿದ್ದ ಎರಡು ರಾಜಗಿರಿ ಗಿಡ ತೋರಿಸಿದಳು. ಒಂದು ನಾವು ತಿನ್ನುವುದು, ಇನ್ನೊಂದು ಮುಳ್ಳಿನದು. ಎರಡರ ಮನೆತನವೂ ಅಮರಾಂಥಸ್. ತಿನ್ನುವುದು ಅಮರಾಂಥಸ್ ವಿರಿಡಿಸ್, ಹಸಿರಿನದು. ಮುಳ್ಳಿನದು ಅಮರಾಂಥಸ್ ಸ್ಪೈನೋಸಸ್. ಅಣ್ಣತಮ್ಮಂದಿರು, ಒಂದೇ ಮನೆಯವರು, ಒಬ್ಬನಿಗೆ ಮಾತ್ರ ಮುಳ್ಳು. ನಾವಿಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಕ್ಕದ್ದೇ ನಕ್ಕದ್ದು. ಅವತ್ತಿನಿಂದ ದೊಡ್ಡಪ್ಪ ಓಣಿಯ ತುದಿಯಲ್ಲಿ ಕಂಡರೆ ನಾನು ಒಳಗೆ ಓಡಿ ಬಂದು, “ಅಕ್ಕ, ಸ್ಪೈನೋಸಸ್ ಬರ್ಲಿಕತ್ತಾನ” ಎನ್ನುತ್ತಿದ್ದೆ. ಅವ್ವ ಅದು ಯಾವುದೋ ಕಾಲೇಜಿನ ಸರ್ ಹೆಸರೆಂದು ತಿಳಿದಿದ್ದಳು.

ಆ ಮಳೆಗಾಲ ನಮಗೆ ಅದೇ ಆಟವಾಯಿತು. ಬಟ್ಟೆಗೆ ಹತ್ತುವ ಉತ್ತರಾಣಿಗೂ ಬೆಳ್ಳಗೆ ಹೂ ಬಿಡುವ ತುಂಬಿಗೂ ಮನೆತನ ಬೇರೆ, ಆದರೆ ಸ್ವಂತ ಹೆಸರು ಎರಡಕ್ಕೂ ಆಸ್ಪೆರಾ. ಹಂಗಂದರೆ ಒರಟು. ನಮ್ಮ ಓಣಿಯಲ್ಲೂ ಇಬ್ಬರು ಮಲ್ಲಮ್ಮಂದಿರಿದ್ದರಲ್ಲ, ಹಾಗೆ. ತಗಚಿಯ ಕಥೆ ಅಕ್ಕನಿಗೆ ಎಲ್ಲಕ್ಕಿಂತ ಇಷ್ಟ. ಅದನ್ನು ಮೊದಲು ಕ್ಯಾಸಿಯಾ ಎಂಬ ಮನೆಯಲ್ಲಿ ಇಟ್ಟಿದ್ದರಂತೆ. ಆಮೇಲೆ ನೋಡಿದರೆ ಅದರ ನಡೆನುಡಿ ಸೆನ್ನಾ ಮನೆಯವರದು ಎಂದು ಅಲ್ಲಿಗೆ ಕಳಿಸಿದರು. ಕ್ಯಾಸಿಯಾ ಟೋರಾ ಇದ್ದದ್ದು ಸೆನ್ನಾ ಟೋರಾ ಆಯಿತು.

“ಮನಿ ಬದಲಾದ್ರೂ ಟೋರಾ ಅನ್ನಾದು ಯಾರೂ ಮುಟ್ಟಲಿಲ್ಲ ನೋಡು” ಎನ್ನುತ್ತಿದ್ದಳು ಅಕ್ಕ. “ಒಮ್ಮೆ ಸರಿಯಾಗಿ ಇಟ್ಟ ಹೆಸರು ಸುಮ್ನ ತೆಗಿಲಾಕ ಬರಾಂಗಿಲ್ಲ. ಅದಕ್ಕ ಕಾಯ್ದೆ ಅದ.”

ದೊಡ್ಡಪ್ಪ ಚಹಾ ಕುಡಿದು ಆ ಮಾತು ಹೇಳಿದ್ದು ಇದೇ ದಿನಗಳಲ್ಲಿ. ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಒಂದು ಸಂಬಂಧ ನೋಡಿ ಬಂದಿದ್ದರು. ಹುಡುಗನಿಗೆ ಸ್ವಲ್ಪ ಹೊಲ ಇತ್ತು, ಚಟ ಇರಲಿಲ್ಲ. ಅಪ್ಪ ಅಣ್ಣನ ಮಾತು ಎಂದೂ ಮೀರಿದವನಲ್ಲ. ಆದರೆ ಅಕ್ಕನ ಮುಖ ನೋಡಿ ಅವತ್ತು ಹೂಂ ಎನ್ನಲೂ ಅವನಿಗೆ ಆಗಲಿಲ್ಲ. ಶ್ರಾವಣದಲ್ಲಿ ಕಲಬುರಗಿಯಲ್ಲಿ ಕಾಲೇಜು ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ನಮ್ಮ ಹೊಲಗಳ ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ತರಬೇಕೆಂದು ಮೇಡಂ ಅಕ್ಕನನ್ನೇ ಆರಿಸಿದ್ದರು. ಅಪ್ಪ ಅದನ್ನೇ ಹಿಡಿದುಕೊಂಡ.

“ಅಣ್ಣ, ಒಂದು ಮಾತು. ಕಲಬುರಗ್ಯಾಗ ಇಕಿ ನಂಬರ್ ಬಂದ್ಲಂದ್ರ ಡಿಗ್ರಿ ತನ ಓದಸ್ತೀನಿ. ಬರಲಿಲ್ಲಂದ್ರ ದೀಪಾವಳಿ ಆದ ಮ್ಯಾಲ ಕೊಡ್ಲಿಗಿ ಕೊಡ್ತೀನಿ. ಮಾತು ಅಂದ್ರ ಮಾತು.”

“ಆತು. ಹುಲ್ಲು ಒಣಗಿಸಿ ನಂಬರ್ ಬರ್ತದಂತ. ನೋಡೂಣು” ಎಂದು ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿ ಎದ್ದರು.

ಹೀಗೆ ನನ್ನ ಅಕ್ಕನ ಬಾಳು ಎಲೆಗಳ ಮೇಲೆ ನಿಂತಿತು.

ಗಿಡ ಒಣಗಿಸಲು ಕಾಲೇಜಿನಲ್ಲಿ ಕಟ್ಟಿಗೆಯ ಒತ್ತುಹಲಗೆ ಇತ್ತಂತೆ, ಮನೆಗೆ ಕೊಡುತ್ತಿರಲಿಲ್ಲ. ನಮಗೇನು ಕೊರತೆ? ಕಲ್ಲಿನ ಊರು. ಅಪ್ಪ ಹಿತ್ತಲಿಂದ ನುಣ್ಣಗಿನ ಫರ್ಸಿ ಹೊತ್ತು ತಂದು ಅಡುಗೆ ಕೋಣೆಯ ಗೋಡೆಯ ಬದಿಗೆ ಹಾಸಿದ. ಅದರ ಮೇಲೆ ಕಿರಾಣಿ ಅಂಗಡಿಯ ಹಳೆ ಪೇಪರು, ಪೇಪರಿನೊಳಗೆ ಗಿಡ, ಮತ್ತೆ ಪೇಪರು, ಅದರ ಮೇಲೆ ಇನ್ನೊಂದು ಫರ್ಸಿ. ಬೇರು, ಕಾಂಡ, ಎಲೆ, ಹೂ ಎಲ್ಲ ಕಾಣುವಂತೆ ಅಕ್ಕ ಗಿಡವನ್ನು ಮಲಗಿಸುತ್ತಿದ್ದಳು. ಒಂದು ಎಲೆಯನ್ನು ಬೇಕೆಂದೇ ಬೋರಲು ಹಾಕುತ್ತಿದ್ದಳು, ಬೆನ್ನೂ ಕಾಣಬೇಕಲ್ಲ. ದಿನಾ ಸಂಜೆ ಹಸಿ ಪೇಪರು ತೆಗೆದು ಒಣ ಪೇಪರು ಹಾಕುವುದು ನನ್ನ ಕೆಲಸ. ಕಲ್ಲು ಎತ್ತಿದಾಗ ಬರುತ್ತಿದ್ದ ವಾಸನೆ ಇನ್ನೂ ಮೂಗಿನಲ್ಲಿದೆ. ಒಣ ಹುಲ್ಲು, ಮಸಿ, ತಣ್ಣಗಿನ ಕಲ್ಲು. ಒಲೆಯ ಶಾಖಕ್ಕೆ ಎಲೆಗಳು ಬಣ್ಣಗೆಡದೆ ಚೆನ್ನಾಗಿ ಒಣಗಿದವು. ಒಂದು ಆದಿತ್ಯವಾರ ಮೇಡಂ ಮನೆಗೇ ಬಂದು ನೋಡಿ, “ಕಾಲೇಜಿನಾಗೂ ಇಷ್ಟು ಚಂದ ಒಣಗಂಗಿಲ್ಲ ಕಸ್ತೂರಿ” ಎಂದರು. ಅಪ್ಪ ತನ್ನ ಕಲ್ಲಿನ ಮೇಲೆ ಕೈಯಾಡಿಸಿದ.

ಶ್ರಾವಣ ಹತ್ತಿರ ಬಂದಾಗ ಮಳೆ ಹಿಡಿಯಿತು. ಬಿಡದೆ ಸುರಿಯಿತು. ಅವ್ವನಿಗೆ ಕೂಲಿಯಿಲ್ಲ, ಆಯಿಗೆ ಬದುವಿಗೆ ಹೋಗಲು ಆಗುತ್ತಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಖಾರಪುಡಿ, ಎಣ್ಣೆ. ಒಂದು ಮಧ್ಯಾಹ್ನ ಮಳೆ ಸ್ವಲ್ಪ ನಿಂತಿತೆಂದು ಅವ್ವ ಕೆಲಸ ಕೇಳಲು ಹೋಗಿದ್ದಳು. ಅಪ್ಪ ಮನೆಯಲ್ಲಿರಲಿಲ್ಲ. ನಾನು ಶಾಲೆಯಿಂದ ಬಂದರೆ ಓಣಿಯ ತುದಿಗೇ ಬಳ್ಳೊಳ್ಳಿ ಒಗ್ಗರಣೆಯ ವಾಸನೆ. ಆಯಿ ಬಿಸಿ ರೊಟ್ಟಿಯ ಮೇಲೆ ಪಲ್ಲೆ ಹಾಕಿ ಕೊಟ್ಟಳು. ಕಡ್ಲಿ ಪಲ್ಲೆ ಒಣಗಿಸಿಟ್ಟು ಬೇಸಗೆಯಲ್ಲಿ ತೊಗರಿ ಬ್ಯಾಳಿ ಹಾಕಿ ಮಾಡುತ್ತಾರಲ್ಲ, ಅದೇ ರುಚಿ, ಆದರೆ ಇನ್ನೂ ಏನೇನೋ ಕೂಡಿತ್ತು. ಮತ್ತೆ ಕೇಳಿ ಹಾಕಿಸಿಕೊಂಡೆ.

ಅಕ್ಕ ಕತ್ತಲಾಗುವ ಮುಂಚೆ ಬಂದಳು. ಛತ್ರಿ ಮಡಚಿ, ಕೈಕಾಲು ತೊಳೆದು, ಕಲ್ಲಿನ ಹತ್ತಿರ ಹೋದಳು. ಮೇಲಿನ ಫರ್ಸಿ ಗೋಡೆಗೆ ಒರಗಿ ನಿಂತಿತ್ತು. ಪೇಪರುಗಳು ಮಡಚಿ ನೀಟಾಗಿ ಒಂದರ ಮೇಲೊಂದು. ಅದರಲ್ಲಿ ಉಳಿದದ್ದು ಎಕ್ಕೆ, ಉಮ್ಮತ್ತಿ, ಉತ್ತರಾಣಿ.

“ಆಯೀ, ಇದರ ಬುಡಕ ಇದ್ದವು ಏನಾದ್ವು?”

“ಮಾಡೀನವ್ವ. ಭಾಳ ಶಾಣ್ಯಾಕಿ ನೀ. ಬ್ಯಾಸಗಿಗಿ ಅಂತ ಒಣಗಿಸಿ ಇಟ್ಟೀದಿ. ಒಂದು ಹರಳು ಇರ್ಲಿಲ್ಲ, ಒಂದು ಹುಳ ಇರ್ಲಿಲ್ಲ. ತಿನಬಾರದ್ದು ಅಲ್ಲೇ ಬಿಟ್ಟೀನಿ, ನೋಡು. ಅವು ಯಾಕಿಟ್ಟಿದ್ದಿ?”

ಅಕ್ಕನ ಹಿಂದಿನಿಂದ ಬಂದ ಅವ್ವ ಬುಟ್ಟಿ ಇಳಿಸಿದವಳು ಕಲ್ಲು ನೋಡಿ, ಒಲೆ ನೋಡಿ, “ಅತ್ತೀ, ಏನ್ ಮಾಡಿದ್ರಿ” ಎಂದಳು ಮೆಲ್ಲಗೆ. ಆಯಿಯ ಮುಖದಲ್ಲಿ ಇನ್ನೂ ಸಂತೋಷವೇ ಇತ್ತು. ಎಷ್ಟು ದಿನಗಳ ಮೇಲೆ ಮನೆಗೆ ಪಲ್ಲೆ ಮಾಡಿದ್ದಳು. ಅವು ಪ್ರದರ್ಶನದ ಗಿಡಗಳೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕೈಯಲ್ಲಿದ್ದ ಸೌಟನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ನಿಂತಳು.

ಅಕ್ಕ ಬಯ್ಯಲಿಲ್ಲ. ತಾಟು ತೆಗೆದುಕೊಂಡು ಕೂತಳು.

“ನನಗೂ ಹಾಕು ಆಯೀ.”

ತಿಂದಳು. ಒಂದೊಂದೇ ತುತ್ತು. ನಾವೆಲ್ಲ ನೋಡುತ್ತಿದ್ದೆವು.

“ಉಪ್ಪು ಜರಾ ಕಮ್ಮಿ ಆಗ್ಯಾದ” ಎಂದಳು. ಆಮೇಲೆ ತಾಟಿಗೇ ಬಗ್ಗಿ ಅತ್ತಳು.

ಮರುದಿನದಿಂದ ಮತ್ತೆ ಗಿಡ ಕೀಳಲು ಹೊರಟೆವು. ಉಳಿದ ದಿನಗಳು ಬೆರಳೆಣಿಕೆಯವು. ತೊಂದರೆ ಏನೆಂದರೆ ಅಷ್ಟರಲ್ಲಿ ಹೊಲಗಳ ಕಳೆ ತೆಗೆದು ಮುಗಿದಿತ್ತು. ಅಕ್ಕನಿಗೆ ಬೇಕಾದ ಗಿಡಗಳನ್ನು ಅವ್ವನೇ ತನ್ನ ಕೈಯಾರೆ ಕಿತ್ತು, ಬದುವಿಗೆ ಎಸೆದು, ಕೂಲಿ ತಂದಿದ್ದಳು. ಕಂಟಿಗಳ ಮರೆಯಲ್ಲಿ, ಖಣಿಯ ಅಂಚಿನಲ್ಲಿ ಉಳಿದದ್ದನ್ನು ಹುಡುಕಿದೆವು. ಗೇಣುದ್ದ ಕೆಸರು ಚಪ್ಪಲಿಗೆ ಹತ್ತಿ ಕಾಲು ಎತ್ತಲು ಬರುತ್ತಿರಲಿಲ್ಲ. ಅವ್ವ ಕೂಲಿ ಕೇಳಿ ಬರುವಾಗ ಉಡಿಯಲ್ಲಿ ಗಿಡ ತುಂಬಿಕೊಂಡು ಬಂದು, “ಇದು ಬೇಕೇನು ನೋಡು, ಇದು?” ಎಂದು ಅಕ್ಕನ ಮುಂದೆ ಸುರುವುತ್ತಿದ್ದಳು. ಆಯಿ ಮಾತ್ರ ಮೂಲೆ ಬಿಟ್ಟು ಏಳಲಿಲ್ಲ.

ಗಿಡವೇನೋ ಸಿಕ್ಕವು, ಒಣಗಲಿಲ್ಲ. ಗಾಳಿಯೇ ಹಸಿಯಾಗಿತ್ತು. ಕಲ್ಲು ಎತ್ತಿದರೆ ಬೂಷ್ಟು. ಆಗ ಪಕ್ಕದ ಮನೆಯ ಖಾಲಾ ನೆನಪಾದಳು. ಅವಳು ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಮಂದಿಯ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದಳು.

“ಮದಿವಿ ಅಂಗಿ ಇಸ್ತ್ರಿ ಮಾಡೀನಿ, ಪುಲೀಸರ ಪ್ಯಾಂಟು ಮಾಡೀನಿ” ಎಂದು ಖಾಲಾ ಕೆಂಡ ಊದುತ್ತ ನಕ್ಕಳು. “ಪಲ್ಲೆ ಇಸ್ತ್ರಿ ಮಾಡಾದು ಇದೇ ಪಹಲೀ ದಫಾ, ಬೇಟಿ. ಕ್ರೀಸ್ ಎಲ್ಲಿ ಹಾಕ್ಲಿ ಹೇಳು.”

ಅಕ್ಕನೂ ನಕ್ಕಳು, ಎಷ್ಟೋ ದಿನಗಳ ಮೇಲೆ. ಪೇಪರಿನ ನಡುವೆ ಗಿಡ ಇಟ್ಟು ಖಾಲಾ ಹಗುರವಾಗಿ ಒತ್ತುತ್ತಿದ್ದಳು, ಆವಿ ಏಳುತ್ತಿತ್ತು. ಆದರೆ ಕೆಂಡದ ಬಿಸಿ ಒಂದೇ ಸಮ ಇರುತ್ತದೆಯೇ? ಕೆಲವು ಎಲೆ ಕಂದಿದವು. ಕೆಲವು ಸುಟ್ಟು ಕಪ್ಪಾದವು. ಗೋಣಿಯ ದಪ್ಪ ಎಲೆಯಂತೂ ಪೇಪರಿಗೇ ಅಂಟಿತು. ಇದ್ದದ್ದನ್ನೇ ಅಂಟಿಸಿ, ಕೆಳಗೆ ತನ್ನ ದುಂಡನೆಯ ಅಕ್ಷರದಲ್ಲಿ ಎರಡೆರಡು ಹೆಸರು, ಅದರ ಕೆಳಗೆ ನಮ್ಮೂರ ಹೆಸರು ಬರೆದು, ಅಕ್ಕ ಮೇಡಂ ಜೊತೆ ಕಲಬುರಗಿಯ ರೈಲು ಹತ್ತಿದಳು.

ಸಂಜೆ ಮೇಡಂ ಅವಳ ಜೊತೆಗೇ ಮನೆಗೆ ಬಂದರು. ದೊಡ್ಡಪ್ಪ ಆಗಲೇ ಕಟ್ಟೆಯ ಮೇಲಿದ್ದರು. ಅಪ್ಪ ಎದ್ದು ನಿಂತ.

“ಕುಂದ್ರಿ ಮೇಡಂ. ನಂಬರ್ ಬಂತೇನ್ರಿ?”

“ಹೆಸರು ಒಂದೂ ತಪ್ಪಿರಲಿಲ್ಲರಿ. ಮನಿತನ, ಹೆಸರು ಎಲ್ಲಾ ಬರೋಬರಿ. ನೋಡಲಿಕ್ಕ ಬಂದ ಪ್ರೊಫೆಸರ್ರು ಅದನ್ನ ಹೇಳಿದ್ರು. ಆದ್ರ ಎಲಿ ಸುಟ್ಟಾವ, ಗುರ್ತು ಹಿಡಿಲಿಕ್ಕ ಬರಂಗಿಲ್ಲ ಅಂತ...”

“ನಂಬರ್ ಬಂತೇನ್ರಿ?”

“ಇಲ್ಲರಿ. ಆದ್ರ ನೋಡ್ರಿ, ಇಂಥಾ ಹುಡುಗಿ...”

“ಆತ್ರಿ” ಎಂದ ಅಪ್ಪ. ಸಿಟ್ಟಿರಲಿಲ್ಲ ಅವನಲ್ಲಿ. “ಅಣ್ಣಗ ಮಾತು ಕೊಟ್ಟೀನ್ರಿ.”

ಮೇಡಂ ಭಾಳ ಹೊತ್ತು ಹೇಳಿದರು. ಪಿಯುಸಿ ಆದರೂ ಮುಗಿಯಲಿ ಎಂದರು. ದೊಡ್ಡಪ್ಪನಿಗೆ ಮಾತಾಡುವ ಅಗತ್ಯವೇ ಇರಲಿಲ್ಲ. ಮೇಡಂ ಹೋದ ಮೇಲೆ ಅಕ್ಕ ಸಮವಸ್ತ್ರ ತೊಳೆದು ಹಗ್ಗಕ್ಕೆ ಹಾಕಿದಳು. ದೀಪಾವಳಿ ಕಳೆದು ಮದುವೆಯಾಯಿತು. ಕೊಡ್ಲಿಯ ಆ ಮನೆಯಲ್ಲಿ ಅತ್ತೆಯ ಹೆಸರೂ ಕಸ್ತೂರಿಯೇ. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಕೂಗಲು ಬರುವುದಿಲ್ಲ ಎಂದು ಅಕ್ಕಿಯ ಮೇಲೆ ಬರೆಸಿ ಅಕ್ಕನಿಗೆ ಶಾಂತಮ್ಮ ಎಂದು ಇಟ್ಟರು. ನಾನು ಲಗ್ನದ ಗದ್ದಲದಲ್ಲಿ ಅದನ್ನು ನೋಡುತ್ತ ನಿಂತಿದ್ದೆ. ಮನೆ ಬದಲಾದ ತಗಚಿಗೆ ಸಿಕ್ಕದ್ದು ನನ್ನ ಅಕ್ಕನಿಗೆ ಸಿಗಲಿಲ್ಲ. ವರ್ಷಗಳ ಮೇಲೆ ಬಿಎಸ್ಸಿ ತರಗತಿಯಲ್ಲಿ ಒಂದು ನಿಯಮ ಕಲಿತೆ: ಒಂದೇ ಮನೆತನದ ಎರಡು ಗಿಡಕ್ಕೆ ಒಂದೇ ಹೆಸರು ಬಿದ್ದಿದ್ದರೆ ಮೊದಲು ಇಟ್ಟದ್ದು ಉಳಿಯುತ್ತದೆ, ಆಮೇಲಿನದು ಬಿಟ್ಟುಕೊಡಬೇಕು. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಕೆಳಗಿಟ್ಟು ಕಿಟಕಿ ಕಡೆ ನೋಡಿದೆ.

ಅಕ್ಕನ ಮದುವೆಯಾದ ಮೇಲೆ ಆಯಿ ಒಣ ಪಲ್ಲೆ ಮುಟ್ಟಲಿಲ್ಲ. ಮಾಡಲಿಲ್ಲ, ತಿನ್ನಲಿಲ್ಲ, ಯಾರಾದರೂ ಒಣಗಿಸಿ ಕೊಟ್ಟರೆ ತಗೊಳ್ಳಲಿಲ್ಲ. ನಾನು ಹತ್ತನೆಯದು ಪಾಸಾದಾಗ ದೊಡ್ಡಪ್ಪ ಇನ್ನೊಂದು ಸಂಬಂಧ ಹಿಡಿದುಕೊಂಡು ಬಂದರು. ಮೂಲೆಯಲ್ಲಿದ್ದ ಆಯಿ ಕೋಲೂರಿ ಎದ್ದು ಕಟ್ಟೆಗೆ ಬಂದಳು.

“ಏ ಸಿದ್ದ್ಯಾ, ಒಬ್ಬಾಕಿ ಓದು ನಾ ಕುದಿಸಿ ತಿಂದೀನಿ. ಇನ್ನೊಬ್ಬಾಕಿದು ತಿನ್ನಾಂಗಿಲ್ಲ. ಚಹಾ ಕುಡಿ, ಎದ್ದು ಹೋಗು.”

ದೊಡ್ಡಪ್ಪನನ್ನು ಆ ಹೆಸರಿನಿಂದ ಯಾರಾದರೂ ಕೂಗಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವರು ಚಹಾ ಕುಡಿಯದೇ ಹೋದರು. ಅಪ್ಪನಿಗೆ ಅಣ್ಣನ ಮಾತಿಗಿಂತ ದೊಡ್ಡದು ತಾಯಿಯ ಮಾತೊಂದೇ ಇತ್ತು.

ಓದಿದೆ. ಸುಲಭವಾಗಿ ಓದಿದೆ ಎಂದು ಹೇಳಲಾರೆ. ಶಹಾಬಾದಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಂತು ಕಲಬುರಗಿಗೆ ಹೋಗಿಬಂದೆ. ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದೆ. ರಜೆಯಲ್ಲಿ ಅಪ್ಪನ ಜೊತೆ ಫರ್ಸಿ ಹೊತ್ತೆ. ಸಸ್ಯಶಾಸ್ತ್ರವೇ ಬೇಕೆಂದು ಹಟ ಹಿಡಿದು ತೆಗೆದುಕೊಂಡೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಆಯಿ ನನ್ನ ಕಡೆಯ ಪರೀಕ್ಷೆಗೆ ಮೊದಲೇ ತೀರಿಕೊಂಡಳು.

ಈಗ ಊರಿಗೆ ಹೋದರೆ ಬದುಗಳಲ್ಲಿ ಹತ್ತರಕಿ ಸಿಗುವುದಿಲ್ಲ. ತೊಗರಿ ಹೊಲಗಳಿಗೆ ಕಳೆ ಸಾಯಿಸುವ ಔಷಧಿ ಹೊಡೆಯುತ್ತಾರೆ. ನಾವು ತಿಂದು ಬದುಕಿದ್ದೆಲ್ಲ ಅದರಲ್ಲಿ ಹೋಯಿತು. ಕಳೆ ಕೀಳಲು ಹೆಂಗಸರನ್ನು ಕರೆಯುವುದೂ ನಿಂತಿತು. ನಾನು ಶಾಲೆಯಲ್ಲಿ ಕಲಿಸುವ ಮಕ್ಕಳಿಗೆ ಎರಡು ಹೆಸರಿನ ಪದ್ಧತಿ ಬಾಯಿಪಾಠ ಬರುತ್ತದೆ. ಹೊರಗೆ ಕರೆದುಕೊಂಡು ಹೋಗಿ ಯಾವುದಕ್ಕೆ ಆ ಹೆಸರು ಎಂದು ತೋರಿಸೋಣವೆಂದರೆ ಗಿಡವೇ ಇಲ್ಲ. ಹೆಸರು ಉಳಿದಿದೆ. ಅದನ್ನು ಹೊತ್ತುಕೊಂಡದ್ದು ಹೋಯಿತು. ನನ್ನ ಅಕ್ಕನದು ಇದರ ಉಲ್ಟಾ ಆಯಿತು.

ಡಿಗ್ರಿಯ ಪ್ರಮಾಣಪತ್ರ ಕೈಗೆ ಬಂದ ದಿನ ನಾನು ಮನೆಗೆ ಹೋಗಲಿಲ್ಲ. ನೇರ ಕೊಡ್ಲಿಯ ಬಸ್ಸು ಹತ್ತಿದೆ. ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. ಒಳಗಿನಿಂದ ಯಾರೋ “ಶಾಂತಮ್ಮ, ಯಾರ್ ಬಂದಾರ” ಎಂದರು. “ನನ್ನ ತಂಗಿ” ಎಂದಳು. ನಾನು ಚೀಲದಿಂದ ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಭಾಳ ಹೊತ್ತು ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

“ಖುಷಿ ಆಗ್ಯಾದ ಸುನಿ, ಖರೇನೇ ಆಗ್ಯಾದ. ಹೊಟ್ಟಿಕಿಚ್ಚೂ ಆಗ್ಯಾದ. ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ.”